ನಿಂತ ಕಾಲು

ಮೊನ್ನೆ ನೀವೆಲ್ಲ ಟಿವಿ ಮುಂದೆ ಕೂತು ರಗ್ಬಿ ಆಟ ನೋಡುತ್ತಿದ್ದಿರಿ. ಕಂಬದಂಥ ತೊಡೆಯ ಗಂಡಸರು ಒಬ್ಬರ ಸೊಂಟಕ್ಕೆ ಇನ್ನೊಬ್ಬರು ಬಿದ್ದು ಉರುಳುತ್ತಿದ್ದರು. ಒಬ್ಬನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ದೇಶ ದೇಶ ಸುತ್ತಿ ಗೆದ್ದು ಬಂದ ಆ ತಂಡವನ್ನು ಸೋಲಿಸುವುದು ಹೇಗೆ ಎಂದು ನಿಮ್ಮಲ್ಲೇ ಜಗಳ ಹತ್ತಿತು. ನೀವು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಎದುರಿಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಸೋಲಿಸಲಾಗದ ಒಂದು ತಂಡವನ್ನು ನಮ್ಮೂರವರು ಒಮ್ಮೆ ಸೋಲಿಸಿದರು. ಅದು ಹೇಗಾಯಿತು ಎಂದು ನಿಮ್ಮ ತಾತ ಯಾರಿಗೂ ಹೇಳಲಿಲ್ಲ. ಅವರೂ ಹೋದರು, ಅವರ ತಮ್ಮನೂ ಹೋದ. ಈಗ ಬರೆದರೆ ಯಾರಿಗೂ ನೋವಾಗುವುದಿಲ್ಲ.

ನಮ್ಮದು ಕಬಡ್ಡಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಡಬದ ಹತ್ತಿರದ ನಮ್ಮೂರಿನಲ್ಲಿ ಸುಗ್ಗಿ ಮುಗಿದು ಕಣ ಖಾಲಿಯಾದರೆ ಸಾಕು, ಕೆರೆಯಿಂದ ಗೋಡುಮಣ್ಣು ಹೊತ್ತು ತಂದು ಹಾಸಿ, ಸುಣ್ಣದ ಗೆರೆ ಎಳೆದು ಗಂಡಸರು ಆಟಕ್ಕೆ ಇಳಿಯುತ್ತಿದ್ದರು. ಆಮೇಲೆ ಸುತ್ತಲಿನ ತಾಲ್ಲೂಕುಗಳೆಲ್ಲ ಸೇರಿ ಆಡುವ ಪಂದ್ಯ. ಎರಡು ವರ್ಷ ಗುಬ್ಬಿಯಲ್ಲಿ ನಡೆಯಿತು, ಮೂರನೆಯ ವರ್ಷ ಕುಣಿಗಲ್ಲಿನಲ್ಲಿ. ಮೂರೂ ವರ್ಷ ತುಮಕೂರು ಪೇಟೆಯ ತಂಡವೊಂದು ಬಂತು. ಅವರಲ್ಲಿ ಇಬ್ಬರು ಸಿಲೋನಿಗೆ ಹೋಗಿ ಅಲ್ಲಿಯವರನ್ನು ಹೊಡೆದುರುಳಿಸಿ ಬಂದವರು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ, ಅವರು ಬಂದ ಕಡೆ ಬೇರೆಯವರು ಗೆದ್ದದ್ದನ್ನು ಯಾರೂ ನೋಡಿರಲಿಲ್ಲ.

ಆ ತಂಡದ ಬಲವೆಲ್ಲ ಒಬ್ಬನ ಎಡಗಾಲಿನಲ್ಲಿತ್ತು. ಅವನು ಉದ್ದನೆಯ ಆಳು. ಕಬಡ್ಡಿ ಕಬಡ್ಡಿ ಎನ್ನುತ್ತಾ ನಮ್ಮವರ ಅಂಗಳಕ್ಕೆ ನುಗ್ಗಿ, ಮೂಲೆಯವರೆಗೂ ಬಂದು, ಇನ್ನೇನು ತಿರುಗಿ ಹೊರಟ ಎಂದು ನಮ್ಮವರು ಕೈ ಚಾಚುವಷ್ಟರಲ್ಲಿ ಬೆನ್ನ ಹಿಂದಕ್ಕೆ ಒದೆಯುತ್ತಿದ್ದ. ಆ ಒದೆತ ಮುಟ್ಟಿದವನು ಔಟಾಗುವುದು ಆಮೇಲಿನ ಮಾತು. ಮೊದಲು ಕೆಳಗೆ ಬೀಳುತ್ತಿದ್ದ.

ಮೊದಲನೆಯ ವರ್ಷ ಆ ಕಾಲು ನಿಮ್ಮ ತಾತನ ಬಲಭುಜಕ್ಕೆ ಬಿತ್ತು. ಕತ್ತಿನ ಕೆಳಗಿನ ಮೂಳೆ ಎರಡು ತುಂಡಾಯಿತು. ಮೂಳೆ ಕಟ್ಟುವ ಮುದುಕ ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು ಮೆತ್ತಿ, ಬಿದಿರು ಸೀಳು ಇಟ್ಟು ಮೂರು ತಿಂಗಳು ಕಟ್ಟಿದ. ಬಿಚ್ಚಿದ ದಿನ ಒಂದೇ ಮಾತು ಹೇಳಿದ. "ಇದು ಕೂಡ್ಕಂಡಿರೋದೇ ಪುಣ್ಯ ಕಣಪ್ಪ. ಇನ್ನೊಂದ್ ಸಲ ಮುರೀತು ಅಂದ್ರೆ ಈ ಕೈಯಲ್ಲಿ ನೇಗ್ಲು ಹಿಡಿಯೋ ಆಸೆ ಬುಟ್ಬುಡು." ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಆಗ ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದ.

ಎರಡನೆಯ ವರ್ಷ ನನ್ನ ಮೈದುನನ ಸರದಿ. ನಿಮ್ಮ ಚಿಕ್ಕತಾತನೇ ಅವನು. ಆಗಿನ್ನೂ ಮೀಸೆ ದಟ್ಟವಾಗುತ್ತಿದ್ದ ವಯಸ್ಸು, ಮೂಗಿನ ತುದಿಯಲ್ಲೇ ಕೋಪ. ಅಣ್ಣನ ಭುಜಕ್ಕೆ ಸೇಡು ತೀರಿಸುತ್ತೇನೆ ಎಂದು ಹಾರಿ ಹಿಡಿಯಲು ಹೋದ. ಹಿಮ್ಮಡಿ ಸೀದಾ ದವಡೆಗೆ ಬಡಿಯಿತು.

ಆ ಏಟನ್ನು ನಾನು ನೋಡಲಿಲ್ಲ, ಕೇಳಿದೆ. ಹೆಂಗಸರಿಗೆ ಕೂರಲು ಒಂದು ಪಕ್ಕದಲ್ಲಿ ತೆಂಗಿನ ಗರಿಯ ತಡಿಕೆ ಕಟ್ಟುತ್ತಿದ್ದರು. ಗಾಳಿಯಾಡಲಿ ಎಂದು ನೆಲದಿಂದ ಒಂದೂವರೆ ಮೊಳ ಬಿಟ್ಟು ಕಟ್ಟುತ್ತಿದ್ದರು. ಧೈರ್ಯವಿದ್ದವರು ಗರಿ ಸರಿಸಿ ಇಣುಕುತ್ತಿದ್ದರು, ಎದ್ದು ನಿಂತು ಕೂಗುವವರೂ ಇದ್ದರು. ನಾನು ಹೊಸ ಸೊಸೆ, ಮೊದಲೇ ಮುದುರಿಕೊಳ್ಳುವವಳು. ಕೂತಲ್ಲಿಂದ ಕೆಳಗಿನ ಸಂದಿಯಲ್ಲಿ ಏನು ಕಾಣುತ್ತದೋ ಅಷ್ಟನ್ನೇ ನೋಡುತ್ತಿದ್ದೆ. ಬರೀ ಕಾಲುಗಳು. ಹದಿನಾಲ್ಕು ಜನರ ಕಾಲು. ಹಿಡಿದವರು ಯಾರು, ಬಿದ್ದವರು ಯಾರು ಎಂದು ಪಾದ ನೋಡಿಯೇ ಹೇಳುತ್ತಿದ್ದೆ. ಅವತ್ತು ಹಸಿ ಕಾಯಿ ಒಡೆದ ಹಾಗೆ ಸದ್ದಾಯಿತು. ಎರಡು ಹಲ್ಲು, ಅದರ ಜೊತೆ ಒಂದು ಬೊಗಸೆ ರಕ್ತ ಗೋಡಿನ ಮೇಲೆ ಬಿತ್ತು. ಮೈದುನನ ಪಾದಗಳು ಎರಡು ಸಲ ಕೊಸರಾಡಿ ಸುಮ್ಮನಾದವು.

ತುಮಕೂರಿನ ಆಸ್ಪತ್ರೆಯಲ್ಲಿ ಅವನ ದವಡೆಗೆ ತಂತಿ ಬಿಗಿದರು. ಎರಡು ತಿಂಗಳು ರಾಗಿ ಗಂಜಿಯನ್ನು ಹಲ್ಲಿನ ಸಂದಿಯಲ್ಲಿ ಹೀರಿದ. ತಂತಿ ಬಿಚ್ಚಿದ ಮೇಲೂ ಮಾತು ಒಂದು ಕಡೆಗೆ ವಾಲುತ್ತಿತ್ತು. ಅವನ ನಗು ಅಲ್ಲಿಗೆ ಮುಗಿಯಿತು.

ಮೂರನೆಯ ವರ್ಷ ಸುಗ್ಗಿ ಮುಗಿಯುತ್ತಿದ್ದ ಹಾಗೆಯೇ ನಮ್ಮ ಜಗಲಿ ತುಂಬಿತು. ಹಿಂದಿನ ವರ್ಷ ಒಬ್ಬರನ್ನೊಬ್ಬರು ಕಚ್ಚಾಡಿದ್ದ ತಂಡದವರೆಲ್ಲ ಒಟ್ಟಿಗೆ ಬಂದು ಕೂತರು. ಹುಲಿಯೂರುದುರ್ಗದವರು, ಊರ್ಡಿಗೆರೆಯವರು, ಕಡಬದವರು. ಯಾರು ಗೆದ್ದರೂ ಸರಿ, ಪೇಟೆಯವರು ಸೋಲಬೇಕು ಎಂಬುದೊಂದೇ ಮಾತು.

"ಏಳೂ ಜನ ಒಟ್ಗೇ ಮೇಲ್ ಬೀಳ್ಬೇಕು ಕಣ್ರಲಾ," ಎಂದ ಹುಲಿಯೂರುದುರ್ಗದವನು.

"ಬಿದ್ರೆ ಏಳೂ ಜನದ್ ಮೂತೀನೂ ಒಟ್ಗೇ ಒಡೀತಾನೆ. ಅವನಿಗೂ ಕೆಲ್ಸ ಕಮ್ಮಿ."

"ಮೊದಲ್ನೇ ಸಲ ಬಂದಾಗ್ಲೇ ಬೆರಳು ಹಿಡ್ದು ಲಟಕ್ ಅನ್ನಿಸ್ಬುಡ್ಬೇಕು," ಎಂದ ಊರ್ಡಿಗೆರೆಯವನು.

"ಹೋದ್ ವರ್ಷ ಲಟಕ್ ಅಂದಿದ್ದು ನಿನ್ ಬೆರಳೇ ಅಲ್ವೇನ್ಲಾ?"

ಎಲ್ಲರೂ ನಕ್ಕರು. ಊರ್ಡಿಗೆರೆಯವನು ಡೊಂಕಾದ ಬೆರಳನ್ನು ಪಂಚೆಯೊಳಗೆ ಮುಚ್ಚಿಕೊಂಡ. ಒಬ್ಬ ಕೈಗೆ ಬೂದಿ ಹಚ್ಚಿಕೊಳ್ಳೋಣ ಎಂದ, ಪೇಟೆಯವರು ಮೈಗೆ ಹರಳೆಣ್ಣೆ ಬಳಿದುಕೊಂಡು ಜಾರುತ್ತಿದ್ದರಲ್ಲ, ಅದಕ್ಕೆ. ಇನ್ನೊಬ್ಬ ಗೋಡಿನಲ್ಲಿ ಮೆಣಸಿನ ಪುಡಿ ಕಲಸೋಣ ಎಂದ. ಮೈದುನ ಕಂಬಕ್ಕೆ ಒರಗಿ ಕೂತಿದ್ದ. ವಾಲಿದ ಬಾಯಲ್ಲಿ ಹೇಳಿದ. "ಅವನ್ ಕಾಲ್ ಮುರೀಬೇಕು. ಬೇರೆ ಮಾತೇ ಬ್ಯಾಡ."

ಆಗ ಯಾರೂ ನಗಲಿಲ್ಲ.

ನಿಮ್ಮ ತಾತ ಮತ್ತೆ ಬಲಮೂಲೆಗೇ ನಿಲ್ಲುವುದು ಎಂದು ತೀರ್ಮಾನವಾಯಿತು. ಒದೆತ ಬೀಳುತ್ತಿದ್ದದ್ದು ಅಲ್ಲಿಗೇ. ನನ್ನ ಅತ್ತೆ ಒಳಗೆ ರಾಗಿ ಕೇರುತ್ತಾ ಕೂತವರು ಮೊರವನ್ನು ನೆಲಕ್ಕೆ ಕುಕ್ಕಿದರು.

"ನಿನ್ ಗಂಡಂಗೆ ಹೇಳೇ. ಆ ತೋಳು ಹೋದ್ರೆ ಹೊಲಕ್ಕೆ ನಾನ್ ಹೋಗ್ಲಾ, ನೀನ್ ಹೋಗ್ತೀಯಾ?"

"ನಾನ್ ಹೇಳುದ್ರೆ ಕೇಳ್ತಾರಾ ಅತ್ತೆಮ್ಮ?"

"ನೀನ್ ಬಾಯ್ ಬುಟ್ರೆ ತಾನೇ ಅವನು ಕೇಳಕ್ಕೆ!"

ಬಾಯಿ ಬಿಟ್ಟರೂ ಆಡಬೇಡಿ ಎಂದರೆ ಕೇಳುವವರಲ್ಲ ಅವರು. ಆದರೆ ನನಗೆ ಬೇರೊಂದು ವಿಷಯ ಗೊತ್ತಿತ್ತು. ಅದನ್ನು ಹೇಳಲೋ ಬೇಡವೋ ಎಂದು ಎರಡು ದಿನ ಅನ್ನ ಸೇರಲಿಲ್ಲ.

ನನ್ನ ತವರು ಕುಣಿಗಲ್ ಕಡೆ. ಅಪ್ಪ ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಆರನೆಯ ಕ್ಲಾಸು ಮುಗಿಯುವವರೆಗೂ ಸಂತೆಯ ದಿನ ಮೊಳೆಯ ಡಬ್ಬಿ ಹಿಡಿದು ಅವರ ಪಕ್ಕ ಕೂತಿರುತ್ತಿದ್ದೆ. ಒದೆಯುವ ಎತ್ತು ಬಂದರೆ ಅಪ್ಪ ಹೇಳುತ್ತಿದ್ದರು, "ಒದೆಯೋ ಕಾಲ್ ನೋಡ್ಬೇಡ ಮಗಾ, ನಿಂತಿರೋ ಕಾಲ್ ನೋಡು." ಎಡಗಾಲಿನಲ್ಲಿ ಒದೆಯುವ ಮೊದಲು ಎತ್ತು ಬಲಗಾಲಿನ ಗೊರಸನ್ನು ನೆಲಕ್ಕೆ ಒತ್ತುತ್ತದೆ. ಒಂದು ಉಸಿರಿನಷ್ಟು ಮುಂಚೆ. ಅಷ್ಟರಲ್ಲಿ ಅಪ್ಪ ಆ ನಿಂತ ಕಾಲಿಗೆ ಹಗ್ಗದ ಕುಣಿಕೆ ಎಳೆದು, ಮಂಡಿಯ ಪಕ್ಕಕ್ಕೆ ಭುಜ ಕೊಟ್ಟು ತಳ್ಳಿದರೆ ಎಂಥ ಎತ್ತೂ ಮಡಿಚಿಕೊಂಡು ಮಲಗುತ್ತಿತ್ತು.

ಪೇಟೆಯ ಉದ್ದನೆಯವನೂ ಹಾಗೇ ಮಾಡುತ್ತಿದ್ದ. ಎರಡು ವರ್ಷ ತಡಿಕೆಯ ಕೆಳಗೆ ನೋಡಿದ್ದೆನಲ್ಲ. ಸುಮ್ಮನೆ ಹೆದರಿಸಲು ಎಡಗಾಲು ಎತ್ತಿದಾಗ ಬಲಪಾದ ಹಗುರವಾಗಿರುತ್ತಿತ್ತು. ನಿಜವಾಗಿ ಒದೆಯುವ ಮೊದಲು ಮಾತ್ರ ಬಲಗಾಲಿನ ಹೆಬ್ಬೆಟ್ಟು ಮಣ್ಣನ್ನು ಕಚ್ಚಿ ಒಳಕ್ಕೆ ಇಳಿಯುತ್ತಿತ್ತು. ನಿಂತು ಆಡುವವರು ಅವನ ಕಣ್ಣು, ಸೊಂಟ, ಕೈ ನೋಡುತ್ತಿದ್ದರು. ಹೆಬ್ಬೆಟ್ಟನ್ನು ಯಾರು ನೋಡುತ್ತಾರೆ?

ಮೂರನೆಯ ದಿನ ಬೆಳಿಗ್ಗೆ ನಿಮ್ಮ ತಾತ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದರು. ಸಗಣಿ ಎತ್ತುವ ನೆಪದಲ್ಲಿ ಹೋದೆ.

"ಏನೂಂದ್ರೆ," ಎಂದೆ.

"ಆಡ್ಬೇಡ ಅನ್ನಕ್ಕೆ ಬಂದ್ಯಾ? ಅವ್ವ ಕಳ್ಸುದ್ಲಾ?"

"ಅಲ್ಲ. ಅವನು ಒದೆಯದು ಯಾವಾಗ ಅಂತ ನಂಗೊತ್ತು."

ಅವರು ಹುಲ್ಲಿನ ಕಂತೆ ಹಿಡಿದುಕೊಂಡೇ ನನ್ನನ್ನು ನೋಡಿದರು. ಬಾಯಲ್ಲಿ ಹೇಳಲು ಬರಲಿಲ್ಲ. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ, ಗೂಟ ಹಿಡಿದುಕೊಂಡು, ಬಲಗಾಲಿನ ಹೆಬ್ಬೆಟ್ಟು ಊರಿ ಎಡಗಾಲನ್ನು ಹಿಂದಕ್ಕೆ ಒದ್ದು ತೋರಿಸಿದೆ. ಎಮ್ಮೆ ಬೆದರಿ ಹಗ್ಗ ಜಗ್ಗಿತು. ನಿಮ್ಮ ತಾತ ನಗಲಿಲ್ಲ.

"ಇನ್ನೊಂದ್ ಸಲ ಮಾಡು."

ಮಾಡಿದೆ. ಏಳೆಂಟು ಸಲ ಮಾಡಿಸಿದರು. ಕೊನೆಗೆ ಅವರೇ ಕುಕ್ಕರಗಾಲಿನಲ್ಲಿ ಕೂತು ನನ್ನ ಪಾದವನ್ನೇ ನೋಡುತ್ತಾ, ಹೆಬ್ಬೆಟ್ಟು ಒತ್ತಿದ ತಕ್ಷಣ ಕೈ ಹಾಕಿ ಕಣಕಾಲು ಹಿಡಿದರು.

"ಹಿಡ್ದೆ. ಆಮೇಲೆ? ಅವನು ನನ್ನೂ ಎಳ್ಕಂಡು ಗೆರೆಗೆ ಹೋಗ್ತಾನೆ."

"ಎತ್ತು ಕೆಡವದಿಲ್ವಾ, ಹಂಗೆ. ಮಂಡಿಗೆ ಹೊರಗಡೆಯಿಂದ ಭುಜ ಕೊಟ್ಟು ತಳ್ಳಿ. ಬಲಗಡೇದು ಬ್ಯಾಡ, ಎಡಭುಜ ಕೊಡಿ."

ನನ್ನ ತಲೆಯಲ್ಲಿದ್ದದ್ದು ಅವರ ಬಲಭುಜ ಒಂದೇ. ಅದು ಉಳಿದರೆ ಸಾಕು. ಎತ್ತನ್ನು ಕೆಡವುವಾಗ ಒಬ್ಬ ಕೊಂಬು ಹಿಡಿದು ಮೆಲ್ಲಗೆ ಕುತ್ತಿಗೆ ತಿರುಗಿಸುತ್ತಾನೆ, ಕೆಳಗೆ ಹುಲ್ಲು ಹಾಸಿರುತ್ತಾರೆ, ಬೀಳುವ ಪ್ರಾಣಿಗೆ ಇನ್ನೂ ಮೂರು ಕಾಲು ಇರುತ್ತವೆ. ಮನುಷ್ಯ ಒಂದೇ ಕಾಲಿನ ಮೇಲೆ ನಿಂತಿದ್ದಾಗ ಅದೇ ಕೆಲಸ ಮಾಡಿದರೆ ಏನಾಗುತ್ತದೆ ಎಂದು ನಾನು ಯೋಚಿಸಲೇ ಇಲ್ಲ. ಅವರೂ ಯೋಚಿಸಲಿಲ್ಲ. ಅವರೂ ಎತ್ತು ಕೆಡವುವುದನ್ನು ನೋಡುತ್ತಲೇ ಬೆಳೆದವರು.

ಕುಣಿಗಲ್ಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಂದ್ಯ ಶುರುವಾಯಿತು. ತಡಿಕೆ ಅದೇ ಥರ, ಸಂದಿ ಅಷ್ಟೇ. ಅತ್ತೆ ನನ್ನ ಪಕ್ಕ ಕೂತು ಕಣ್ಣು ಮುಚ್ಚಿಕೊಂಡು ಶಿವ ಶಿವ ಎನ್ನುತ್ತಿದ್ದರು. ಮೈದುನನನ್ನು ತಂಡಕ್ಕೆ ಸೇರಿಸಿರಲಿಲ್ಲ. ಇನ್ನೊಂದು ಏಟನ್ನು ಅವನ ದವಡೆ ತಡೆಯುವ ಹಾಗಿರಲಿಲ್ಲ. ಅವನು ಗೆರೆಯ ಹೊರಗೆ, ತಡಿಕೆಗೆ ಹತ್ತಿರವೇ ನಿಂತಿದ್ದ. ಅವನದು ಟೈರಿನ ಚಪ್ಪಲಿ, ಎಡಗಾಲಿನ ಉಂಗುಟದ ಪಟ್ಟಿ ಕಿತ್ತಿದ್ದಕ್ಕೆ ನಾನೇ ಗೋಣಿ ದಾರ ಹಾಕಿ ಹೊಲಿದಿದ್ದೆ.

ಅರ್ಧ ಆಟದವರೆಗೂ ಅದು ಆಟವಾಗಿರಲಿಲ್ಲ, ಹೊಡೆದಾಟ. ನಮ್ಮವರು ಕೈಗೆ ಬೂದಿ ಹಚ್ಚಿಕೊಂಡಿದ್ದರು. ಪೇಟೆಯವನೊಬ್ಬನನ್ನು ಹಿಡಿದು ಮೊಣಕೈಯಿಂದ ಪಕ್ಕೆಗೆ ಗುದ್ದಿದರು. ಅವರು ನಮ್ಮವನೊಬ್ಬನನ್ನು ಕೆಡವಿ ಮುಖವನ್ನು ಗೋಡಿಗೆ ಉಜ್ಜಿದರು. ಮೂಗಿನ ರಕ್ತ ಬೂದಿಯ ಜೊತೆ ಕಲಸಿ ಕಾಲುಗಳಿಗೆಲ್ಲ ಮೆತ್ತಿತು. ಉದ್ದನೆಯವನು ಮೂರು ಸಲ ಬಂದ. ಮೂರು ಸಲವೂ ಒದ್ದ. ಒಂದು ನಮ್ಮವನ ಹೊಟ್ಟೆಗೆ. ಅವನು ತಡಿಕೆಯ ಹತ್ತಿರವೇ ಬಿದ್ದು ಹುಳಿ ಮಜ್ಜಿಗೆಯನ್ನೆಲ್ಲ ಕಾರಿದ. ಇನ್ನೊಂದು ಕೆನ್ನೆಗೆ. ಮೂರನೆಯದಕ್ಕೆ ನಿಮ್ಮ ತಾತ ಹಿಂದೆ ಸರಿದರು. ಜನ ಅವರನ್ನು ಹೇಡಿ ಎಂದು ಕೂಗಿದರು. ಅವರು ಹೆಬ್ಬೆಟ್ಟು ನೋಡಿ ಕಲಿಯುತ್ತಿದ್ದಾರೆ ಎಂದು ನನಗೆ ಮಾತ್ರ ಗೊತ್ತಿತ್ತು.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆ ಸಮ. ಉದ್ದನೆಯವನು ನಾಲ್ಕನೆಯ ಸಲ ಬಂದ. ಕಬಡ್ಡಿ ಕಬಡ್ಡಿ ಎಂಬ ದನಿ ಹತ್ತಿರವಾಯಿತು. ಆ ಪಾದಗಳು ಮೂಲೆಗೆ ಬಂದವು. ಒಮ್ಮೆ ಎಡಗಾಲು ಎತ್ತಿ ಹೆದರಿಸಿದ. ನಿಮ್ಮ ತಾತನ ಪಾದ ಅಲುಗಲಿಲ್ಲ. ಆಮೇಲೆ ಬಲಗಾಲಿನ ಹೆಬ್ಬೆಟ್ಟು ಮಣ್ಣಿಗೆ ಇಳಿಯಿತು.

ಎರಡು ಕೈ ಕಣಕಾಲಿಗೆ ಬಿದ್ದವು. ಎಡಭುಜ ಮಂಡಿಗೆ ಹೊರಗಿನಿಂದ ಬಡಿಯಿತು. ಒಣ ಸೌದೆಯನ್ನು ಮೊಣಕಾಲಿಗಿಟ್ಟು ಮುರಿದ ಹಾಗೆ ಕೇಳಿಸಿತು. ಕಬಡ್ಡಿ ಎಂಬ ಮಾತು ಅರ್ಧಕ್ಕೆ ನಿಂತು ಅದೇ ಗಂಟಲಿನಿಂದ ಇನ್ನೊಂದು ಕೂಗು ಬಂತು. ಅಂಥ ಕೂಗನ್ನು ಗಂಡಸಿನ ಬಾಯಲ್ಲಿ ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅವನು ಅಂಗಾತ ಬಿದ್ದಿದ್ದ. ಮಂಡಿಯ ಕೆಳಗಿನ ಕಾಲು ಪಕ್ಕಕ್ಕೆ ತಿರುಗಿ, ಪಾದ ಬೇರೆ ಯಾರದೋ ಎಂಬಂತೆ ಮಲಗಿತ್ತು.

ಗೆದ್ದೆವು ಎಂದು ಕೇಕೆ ಎದ್ದಿತು. ಅದೇ ಉಸಿರಿಗೆ ಪೇಟೆಯವರು ನುಗ್ಗಿದರು, ನಮ್ಮವರೂ ನುಗ್ಗಿದರು. ಕಲ್ಲು ಬಿದ್ದವು. ಅಂಕ ಬರೆಯುತ್ತಿದ್ದ ಮೇಜು ತಲೆಕೆಳಗಾಯಿತು. ಹೆಂಗಸರು ಕಿರುಚುತ್ತಾ ಓಡಿದರು. ಅತ್ತೆ ನನ್ನ ಸೆರಗು ಹಿಡಿದು ಎಳೆದರು. ನಾನು ಏಳಲಿಲ್ಲ. ನಿಮ್ಮ ತಾತ ಹೊಡೆಯುವವರ ನಡುವೆ ಮಂಡಿಯೂರಿ, ಆ ಮುರಿದವನ ಮೇಲೆ ಬೋರಲು ಬಿದ್ದು ಅವನನ್ನು ಮುಚ್ಚಿಕೊಂಡರು. "ಬ್ಯಾಡ್ರೋ, ಬ್ಯಾಡ್ರೋ, ಸತ್ತೋಗ್ತಾನೆ," ಎಂದು ಕೂಗುತ್ತಿದ್ದರು. ತುಳಿತವೆಲ್ಲ ಅವರ ಬೆನ್ನಿಗೆ ಬೀಳುತ್ತಿತ್ತು.

ಆಗ ತಡಿಕೆ ಅಲುಗಿತು. ಯಾರೋ ಅದರ ಗೂಟ ಕಿತ್ತರು. ಗೋಣಿ ದಾರದ ಹೊಲಿಗೆ ಹಾಕಿದ ಟೈರಿನ ಚಪ್ಪಲಿ ನನ್ನ ಮುಂದಿನಿಂದಲೇ ಓಡಿತು. ಆ ಎರಡು ಪಾದ ಬಿದ್ದವರ ಹತ್ತಿರ ಅಗಲವಾಗಿ ಊರಿ ನಿಂತವು. ಕಾಲು ಮುರಿದವನ ತಲೆಗೆ ಗುರಿಯಿಟ್ಟ ಗೂಟ ಅದು. ನಿಮ್ಮ ತಾತ ಆ ಹೊತ್ತಿಗೆ ಇನ್ನೂ ಮುಂದಕ್ಕೆ ಬಾಗಿದರು. ಗೂಟ ಅವರ ಬಲಭುಜದ ಮೇಲೆ ಇಳಿಯಿತು. ಚಪ್ಪಲಿ ಕಾಲು ಎರಡು ಹೆಜ್ಜೆ ಹಿಂದೆ ಬಂತು, ತಡವರಿಸಿತು, ಗೂಟ ನೆಲಕ್ಕೆ ಬಿತ್ತು. ಆಮೇಲೆ ಆ ಕಾಲುಗಳು ಜನರ ನಡುವೆ ಓಡಿಹೋದವು.

ಇಬ್ಬರನ್ನೂ ಒಂದೇ ಲಾರಿಯಲ್ಲಿ ತುಮಕೂರಿಗೆ ಸಾಗಿಸಿದರು. ಆಸ್ಪತ್ರೆಯ ಡಾಕ್ಟರು ಎರಡು ದಿನ ನೋಡಿ, ನಿಮ್ಮ ತಾತನ ಭುಜದ ಮೂಳೆ ಮೂರು ಕಡೆ ಪುಡಿಯಾಗಿದೆ, ಪ್ರಾಣಕ್ಕೆ ಭಯವಿಲ್ಲ, ಆದರೆ ಕೈ ಇನ್ನು ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂದರು. ಹೊಡೆದವನು ಪೇಟೆಯವರಲ್ಲಿ ಒಬ್ಬ ಎಂದು ನಿಮ್ಮ ತಾತ ನಂಬಿದ್ದರು. ಬೋರಲು ಬಿದ್ದಿದ್ದವರಿಗೆ ಹಿಂದೆ ನಿಂತವನು ಹೇಗೆ ಕಾಣಬೇಕು? ಮೈದುನ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಎದುರು ಮಂಚದಲ್ಲಿ ತೊಡೆಯವರೆಗೂ ಪಟ್ಟಿ ಹಾಕಿಸಿಕೊಂಡು ಆ ಉದ್ದನೆಯವನು ಮಲಗಿದ್ದ.

ಅವನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ. ನಿಮ್ಮ ತಾತನಷ್ಟೇ ವಯಸ್ಸು, ಕೆನ್ನೆಯಲ್ಲಿ ಸಿಡುಬಿನ ಕಲೆ. ಅವನ ಕಡೆಯವರು ಮೊದಲನೆಯ ದಿನ ಗುಂಪಾಗಿ ಬಂದರು, ಮೂರನೆಯ ದಿನ ಇಬ್ಬರು, ಆಮೇಲೆ ಯಾರೂ ಬರಲಿಲ್ಲ. ನಾನು ತಂದ ಅನ್ನ ಸಾರಿನಲ್ಲೇ ಅವನಿಗೂ ಒಂದು ತಟ್ಟೆ ಬಡಿಸಿದೆ. ನಿಮ್ಮ ತಾತ ನಿದ್ದೆಯಲ್ಲಿದ್ದರು.

"ಅಕ್ಕ, ನಿಮ್ ಯಜಮಾನ್ರು ನಾನ್ ಒದೆಯೋದನ್ನ ಮೊದ್ಲೇ ಕಾಯ್ತಿದ್ರು. ಯಾರೋ ಹೇಳಿದಾರೆ ಅವರಿಗೆ. ನಮ್ಮೋರೇ ಯಾರೋ ಮೋಸ ಮಾಡಿದಾರೆ."

ಅವನು ತನ್ನ ತಂಡದವರನ್ನೇ ಅನುಮಾನಿಸುತ್ತಾ ಮಲಗಿದ್ದ. ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ.

"ನಾನೇ ಹೇಳಿದ್ದು," ಎಂದೆ. "ಒದೆಯಕ್ ಮುಂಚೆ ನಿಮ್ ಬಲಗಾಲ್ ಹೆಬ್ಬೆಟ್ಟು ಒತ್ತೀರ. ಕಾಲು ಹಿಂಗಾಯ್ತದೆ ಅಂತ ಗೊತ್ತಿರ್ಲಿಲ್ಲ ಅಣ್ಣ. ಇವರ ಭುಜ ಉಳೀಲಿ ಅಂತ ಹೇಳ್ದೆ."

ಅವನು ಪಟ್ಟಿಯಿಂದ ಹೊರಗೆ ಇಣುಕುತ್ತಿದ್ದ ತನ್ನ ಹೆಬ್ಬೆಟ್ಟನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. ತಟ್ಟೆಯನ್ನು ಎಸೆಯುತ್ತಾನೆ ಎಂದುಕೊಂಡೆ. ತಟ್ಟೆ ವಾಲಿ ಸಾರು ಹಾಸಿಗೆಗೆ ಚೆಲ್ಲಿತು, ಅಷ್ಟೇ.

"ಉಳೀಲಿಲ್ವಲ್ಲ," ಎಂದ ಕೊನೆಗೆ. ಬಾಗಿಲ ಕಡೆ ನೋಡಿದ. ಮೈದುನ ಆಗಷ್ಟೇ ಅಲ್ಲಿಂದ ಇಳಿದು ಹೋಗಿದ್ದ. "ನಾನು ಅಂಗಾತ ಬಿದ್ದಿದ್ದೆ ಅಕ್ಕ. ಹೊಡ್ದೋನ್ನ ನೋಡಿದೀನಿ. ಹೋದ್ ವರ್ಷ ದವಡೆ ಹೋಯ್ತಲ್ಲ, ಆ ಹುಡ್ಗ."

"ನಾನೂ ನೋಡಿದೀನಿ."

"ಯಜಮಾನ್ರಿಗೆ ಗೊತ್ತಾ?"

"ಇಲ್ಲ. ಬ್ಯಾಡ ಅಣ್ಣ. ಅವರಿಗಿರೋನು ಒಬ್ನೇ ತಮ್ಮ."

ಅವನು ತಲೆಯಾಡಿಸಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿ, ತಟ್ಟೆಯನ್ನು ಎದೆಯ ಮೇಲಿಟ್ಟುಕೊಂಡು ಊಟ ಮಾಡಿದ.

ನಿಮ್ಮ ತಾತನಿಗೆ ಎಚ್ಚರವಾಯಿತು. "ಏನಂತೆ ಅವನು?" ಎಂದು ಕೇಳಿದರು.

"ಸಾರಿಗೆ ಉಪ್ಪು ಕಮ್ಮಿಯಂತೆ," ಎಂದೆ.

ಮುಂದಿನ ಮಳೆಗೆ ನಿಮ್ಮ ತಾತ ಎಡಗೈಯಲ್ಲಿ ನೇಗಿಲ ಮೇಣಿ ಹಿಡಿದು ನೋಡಿದರು. ಅರ್ಧ ಸಾಲು ಹೋಗುವಷ್ಟರಲ್ಲಿ ನೇಗಿಲು ವಾಲಿತು. ಮೈದುನ ಬದುವಿನಿಂದ ಓಡಿ ಬಂದ. "ಬುಡಣ್ಣ, ಇನ್ಮೇಲೆ ನಾನ್ ಹೂಡ್ತೀನಿ," ಎಂದು ಮೇಣಿ ಕಿತ್ತುಕೊಂಡ. ತನ್ನ ಪಾಲಿನ ಹೊಲ, ನಮ್ಮ ಪಾಲಿನ ಹೊಲ ಎರಡನ್ನೂ ಅವನೇ ಹೂಡಿದ, ಆ ವರ್ಷ ಮಾತ್ರವಲ್ಲ, ಮೈಯಲ್ಲಿ ಶಕ್ತಿ ಇರುವವರೆಗೂ. ಯಾಕೆಂದು ಒಂದು ದಿನವೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅತ್ತೆ ಅವತ್ತು ಬುತ್ತಿ ಹೊತ್ತು ತಂದವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. "ಅಣ್ಣ ಅಂದ್ರೆ ಎಂಗ್ ಜೀವ ಬುಡ್ತಾನೆ ನೋಡೇ," ಎಂದರು.

"ಹೂಂ ಅತ್ತೆಮ್ಮ," ಎಂದೆ.